ನನ್ನ ಪಾಲಿಗೆ ಬಂದ ಪೇಪರ್ ಪ್ಲೇಟುಗಳು

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಪೇಪರ್ ಪ್ಲೇಟುಗಳ ಒಂದು ಕಟ್ಟು ಕೂತಿದೆ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿಲ್ಲ. ಚಹಾಪುಡಿಯ ಡಬ್ಬಿಗೆ ಕೈ ಚಾಚಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ನನಗೆ ಸಿಟ್ಟು ಬರುತ್ತದೆ. ಪೇಪರ್ ಪ್ಲೇಟಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸಿನ ತಲೆ ಸರಿ ಇದೆಯೇ ಎಂದು ನೀವು ಕೇಳಬಹುದು. ಮೇ ತಿಂಗಳಲ್ಲಿ ರಾಯಚೂರಿನವರನ್ನು ಆ ಪ್ರಶ್ನೆ ಕೇಳಬಾರದು. ಮಧ್ಯಾಹ್ನ ನಲ್ಲಿ ತಿರುವಿದರೆ ಬರುವ ನೀರಿಗೆ ಸಕ್ಕರೆ, ಪುಡಿ ಹಾಕಿದರೆ ಚಹಾ ಆಗುವ ಊರಿದು. ನಮ್ಮ ಮನೆಯ ಕೂಲರ್ ಬಿಸಿಗಾಳಿಯನ್ನು ಒದ್ದೆ ಮಾಡಿ ಮುಖಕ್ಕೆ ಉಗುಳುತ್ತದೆ. ಮಾನ್ವಿಯ ಕಾಲೇಜಿಗೆ ಪಾಠ ಮಾಡಲು ದಿನವೂ ಬಸ್ಸಿನಲ್ಲಿ ಹೋಗಿಬರುವ ನಾನು, ಕಿಟಕಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತೇನೆ. ಕಿಟಕಿಯ ಸರಳು ಮುಟ್ಟಿದರೆ ಕೈಯಲ್ಲಿ ಗುಳ್ಳೆ ಏಳುತ್ತದೆ.

ಆದರೆ ಬಿಸಿಲು ಇಳಿಯಿತೋ, ಊರು ಬೇರೆಯೇ ಆಗುತ್ತದೆ. ಇಡೀ ದಿನ ಬಾಗಿಲು ಹಾಕಿಕೊಂಡು ಕೂತ ಜನ ಒಮ್ಮೆಲೇ ಬೀದಿಗೆ ಬರುತ್ತಾರೆ. ಮುಂಜಲು, ಅಂದರೆ ತಾಟಿನುಂಗು, ಸುಲಿದು ಕೊಡುವವನ ಮುಂದೆ ತೆಲುಗಿನಲ್ಲಿ ಚೌಕಾಶಿ, ಒಗ್ಗರಣಿ-ಮಿರ್ಚಿ ಬಂಡಿಯ ಮುಂದೆ ಕನ್ನಡದಲ್ಲಿ ತಕರಾರು, ಸೋಡಾ ಅಂಗಡಿಯ ಮುಂದೆ ಉರ್ದುವಿನಲ್ಲಿ ಹರಟೆ. ಒಬ್ಬನೇ ಮನುಷ್ಯ ಮೂರೂ ಕಡೆ ನಿಂತು ಮೂರೂ ಮಾಡಿ ಮನೆಗೆ ಹೋಗುತ್ತಾನೆ. ಈ ಊರಿನ ಮೇಲೆ ನನಗೆ ಪ್ರೀತಿ ಇದೆ. ಪ್ರೀತಿ ಇಲ್ಲದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಈ ಸಂಜೆಗಳನ್ನು ಹಂಚಿಕೊಳ್ಳೋಣ ಎಂದು ಹೋದ ಬೇಸಿಗೆಯಲ್ಲಿ ನಮ್ಮ ಬಡಾವಣೆಯವರು ವಾಟ್ಸಾಪ್ ಗುಂಪು ಮಾಡಿದರು. ಭಾನುವಾರ ಸಂಜೆ ಶಾಲೆಯ ಬಯಲಿನಲ್ಲಿ ಸೇರುವುದು. ಹಾಡು ಬರುವವರು ಹಾಡುವುದು, ಅಡುಗೆ ಬರುವವರು ಮನೆಯಿಂದ ಮಾಡಿ ತರುವುದು, ಎರಡೂ ಬಾರದವರು ಚಪ್ಪಾಳೆ ತಟ್ಟಿ ಉಂಡು ಹೋಗುವುದು. ಇದರ ಹಿರಿಯರು ವೀರಭದ್ರಣ್ಣ. ಸಿರವಾರದಲ್ಲಿ ಅಕ್ಕಿ ಗಿರಣಿ ನಡೆಸಿ, ಈಗ ಅದನ್ನು ಮಕ್ಕಳಿಗೆ ಬಿಟ್ಟು ರಾಯಚೂರಿನಲ್ಲಿ ಮನೆ ಮಾಡಿದವರು. ಕೆಲಸ ಹಂಚುವುದು ನನ್ನ ಎದುರುಮನೆಯ ಸುಮಂಗಲಕ್ಕ. ಯಾವ ಮನೆಯಿಂದ ಏನು ಎಂದು ಶುಕ್ರವಾರ ಅವರೇ ಗುಂಪಿನಲ್ಲಿ ಹಾಕುತ್ತಿದ್ದರು.

ಮೊದಲ ಭಾನುವಾರ ನಾನು ಮನೆಗೆ ಬಂದು ಡೈರಿಯಲ್ಲಿ ಬರೆದ ಸಾಲುಗಳನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. "ಇಂದು ಊರು ಒಂದೇ ಮನೆಯಾಗಿತ್ತು" ಎಂದು ಬರೆದಿದ್ದೇನೆ. ಎಂ.ಎ. ಓದಿದವರ ಕೈಗೆ ಪೆನ್ನು ಕೊಟ್ಟರೆ ಇದೇ ಕೇಡು. ಮಟಮಾರಿಯ ಹೆಣ್ಣುಮಕ್ಕಳ ಕೋಲಾಟ, ಸಿರವಾರದ ಕಡೆಯವರ ಎಣ್ಣೆಗಾಯಿ ಮತ್ತು ಹೋಳಿಗೆ, ಮಾನ್ವಿಯಿಂದ ಬಂದ ಖಾಸಿಂಸಾಬರ ಹಾರ್ಮೋನಿಯಂ, ಎಲ್ಲವನ್ನೂ ಬರೆದಿದ್ದೇನೆ. ನಾನು ಏನು ತೆಗೆದುಕೊಂಡು ಹೋಗಿದ್ದೆ ಎಂಬುದನ್ನು ಮಾತ್ರ ಬರೆದಿಲ್ಲ. ನನ್ನ ಪಾಲಿಗೆ ಬಂದದ್ದು ಪೇಪರ್ ಪ್ಲೇಟು.

ನನ್ನ ಡೈರಿಯನ್ನು ನಾನೇ ನಂಬುವುದಿಲ್ಲ, ನೀವೂ ನಂಬಬೇಡಿ. ಕಲಬುರಗಿಯ ಹಾಸ್ಟೆಲಿನಲ್ಲಿ ಓದುವಾಗ ಹತ್ತಿದ ಚಟ ಇದು. ಆಗಿನ ಪುಟಗಳಲ್ಲಿ ಮೆಸ್ಸಿನ ಸಾರಿನ ಬಗ್ಗೆ ಉದ್ದುದ್ದ ಬರೆದಿದ್ದೇನೆ. ಗೆಳತಿಯೊಬ್ಬಳು ಹಾಸ್ಟೆಲ್ ಬಿಟ್ಟು ಹೋದಳಲ್ಲ, ಯಾಕೆ ಹೋದಳು ಎಂಬುದರ ಬಗ್ಗೆ ಒಂದಕ್ಷರ ಇಲ್ಲ. ನೋಯುವುದನ್ನು ಬಿಟ್ಟು ಬರೆಯುವ ಕೈ ನನ್ನದು. ನೆನಪು ಅದಕ್ಕಿಂತ ಕಡೆ. ಅದು ಬಿಡುವುದಷ್ಟೇ ಅಲ್ಲ, ಬಿಟ್ಟ ಜಾಗದಲ್ಲಿ ಬೇರೆ ಏನನ್ನೋ ತಂದಿಡುತ್ತದೆ.

ಎರಡನೇ ಭಾನುವಾರ ನಾನು ಯವ್ವನನ್ನೂ ಕರೆದುಕೊಂಡು ಹೋದೆ. ಯವ್ವ, ನನ್ನ ಹೆತ್ತವಳು, ನನ್ನ ಜೊತೆಗೇ ಇರುತ್ತಾಳೆ. ದೇವದುರ್ಗದಲ್ಲಿದ್ದಾಗ ಅವಳ ಹಾಡು ಇಲ್ಲದೆ ಯಾವ ಬೇಸಿಗೆಯೂ ಕಳೆಯುತ್ತಿರಲಿಲ್ಲ. ಬೇಸಿಗೆ ಬಂದರೆ ಉಳ್ಳವರ ಮನೆಗಳಲ್ಲಿ ಶಾವಿಗೆ ಹೊಸೆಯುವ ಕೆಲಸ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿ, ಗೀರು ಕೊರೆದ ಮಣೆಯ ಮೇಲೆ ಹಿಟ್ಟು ಹೊಸೆದು, ಎಳೆ ಎಳೆದು ಕೋಲಿನ ಮೇಲೆ ಒಣಹಾಕುವರು. ಬೇಸರದ ಕೆಲಸ ಅದು, ಹಾಡು ಬೇಕು. ಹಾಡಿಗೆ ಯವ್ವನಿಗೆ ಕರೆ ಬರುತ್ತಿತ್ತು. ಅವಳ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ.

ಶಾಲೆಯ ಬಯಲಿನಲ್ಲಿ ಯವ್ವ ಆ ಹಾಡುಗಳಲ್ಲಿ ಒಂದನ್ನು ಎತ್ತಿಕೊಂಡಳು. "ಎಳಿಯಾಗಿ ಬಾರ ನನ ಶಾವಿಗಿ, ತವರೂರ ದಾರಿಯಾಂಗ ಉದ್ದಾಗಿ." ಖಾಸಿಂಸಾಬರು ಹಾರ್ಮೋನಿಯಂ ಬಿಟ್ಟು ಸುಮ್ಮನೆ ತಲೆದೂಗಿದರು. ಫೋನುಗಳೆಲ್ಲ ಮೇಲೆದ್ದವು. ವೀರಭದ್ರಣ್ಣ ಬಂದು ಯವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಹೌದು, ಕಾಲು ಮುಟ್ಟಿದರು. ಮುಚ್ಚಿಡುವುದು ಅನ್ಯಾಯ.

"ಯವ್ವಾ, ಇಂಥಾ ಹಾಡಾ ಎಲ್ಲಿ ಮುಚ್ಚಿಟ್ಟಿದ್ರಿ ಇಷ್ಟು ದಿನ?" ಎಂದು ಅವರು ಕೇಳಿದರು.

"ಯಾರು ಕೇಳಿದ್ರಪಾ?" ಎಂದಳು ಯವ್ವ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಭಾನುವಾರ ನನ್ನ ಪಾಲಿಗೆ ಬಂದದ್ದು ನೀರಿನ ಬಾಟಲಿ.

ಮನೆಗೆ ಬರುವಾಗ ಯವ್ವ ಮೆಲ್ಲಗೆ ಹೇಳಿದಳು, "ಬರೋ ವಾರ ನಾ ಶಾವಿಗಿ ಪಾಯಸ ಮಾಡ್ತೀನಿ. ಜನ ಉಣ್ಲಿ." ಅವಳ ದನಿಯಲ್ಲಿ ಅಂಥ ಆಸೆಯನ್ನು ನಾನು ಕೇಳಿದ್ದು ಕಡಿಮೆ. ಸೀರೆ ಬೇಕು, ಬಂಗಾರ ಬೇಕು, ಊರು ನೋಡಬೇಕು ಎಂದು ಬೇಡಿದವಳಲ್ಲ. ಹತ್ತಾರು ಮನೆಗಳ ಶಾವಿಗೆಗೆ ಹಾಡಿದ ಈ ಹೆಂಗಸಿಗೆ ತಾನು ಹೊಸೆದ ಶಾವಿಗೆಯನ್ನು ನಾಲ್ಕು ಜನರಿಗೆ ಬಡಿಸಬೇಕಿತ್ತು. ಅಷ್ಟೇ.

ನಾನು ಉಬ್ಬಿಹೋಗಿ ಗುಂಪಿನಲ್ಲಿ ಹಾಕಿದೆ: "ಈ ಭಾನುವಾರ ನಮ್ಮ ಮನೆಯಿಂದ ಶಾವಿಗೆ ಪಾಯಸ, ಯವ್ವನ ಕೈಯದು." ಅದರ ಕೆಳಗೆ, ದೇವದುರ್ಗದ ಶಾವಿಗೆಯ ದಿನಗಳ ಬಗ್ಗೆ ಒಂದು ಸಣ್ಣ ಟಿಪ್ಪಣಿಯನ್ನೂ ಬರೆದೆ. ಪಡಸಾಲೆಯ ತಂಪು, ಹೆಂಗಸರ ನಗೆ, ನಡುವೆ ಕೂತ ನಾನು, ನನ್ನ ಪುಟ್ಟ ಕೈಗಳಿಗೆ ಮೆತ್ತಿದ ಬಿಳಿ ಹಿಟ್ಟು. ಚೆನ್ನಾಗಿ ಬರೆದಿದ್ದೆ. ಬರೆದದ್ದನ್ನು ಯವ್ವನಿಗೂ ಓದಿ ಹೇಳಿದೆ. ಅವಳು ಮಾಳಿಗೆಯ ಮೇಲೆ ಒಣಗಿದ ಶಾವಿಗೆಯನ್ನು ಮುರಿದು ಡಬ್ಬಿಗೆ ತುಂಬುತ್ತಿದ್ದಳು.

"ನಿನ್ನ ಕೈಗೆ ಹಿಟ್ಟಾ?" ಎಂದಳು.

"ಹೂಂ. ಬೆಳ್ಳಗ ಆಗಿದ್ದು ನನಗ ಛಲೋ ನೆನಪದ."

"ಹಿಟ್ಟ ಎಲ್ಲಿಂದ ಬರ್ತದಬೇ? ಪಡಸಾಲಿ ಒಳಗ ನಮ್ಮನ್ಯಾರು ಕರೀತಿದ್ರು? ನಾ ಅಂಗಳದಾಗ ಕುಂತು ಹಾಡ್ತಿದ್ದೆ. ನೀ ಹೊರಗಿನ ಗ್ವಾಡಿಗೆ ಆತ್ಕೊಂಡು ನಿಂತಿರ್ತಿದ್ದಿ. ಸುಣ್ಣ ಅದು."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಗಳ ಲೆಕ್ಕ ತಪ್ಪಿದಾಗ ತಿದ್ದುವಂತೆ ಹೇಳಿ, ಮತ್ತೆ ಶಾವಿಗೆ ಮುರಿಯತೊಡಗಿದಳು. ಸಿಟ್ಟು ಬಂದದ್ದು ನನಗೆ, ಮೊದಲು ನನ್ನ ಮೇಲೆಯೇ. ಇಷ್ಟು ವರ್ಷ ಗೋಡೆಯ ಸುಣ್ಣವನ್ನು ಹಿಟ್ಟು ಮಾಡಿಕೊಂಡು, ಅದರಲ್ಲಿ ಶಾವಿಗೆ ಹೊಸೆದು, ತರಗತಿಯಲ್ಲಿ ಮಕ್ಕಳಿಗೆಲ್ಲ ಬಡಿಸಿದ್ದೆನಲ್ಲ! ಅಂಗಳದಲ್ಲಿ ನಿಂತ ಮಗುವಿಗೆ ಒಳಗೆ ಕೂತಂತೆ ನೆನಪಾದರೆ ಅದು ಯಾರಿಗೆ ಲಾಭ? ಮಗುವಿಗಂತೂ ಅಲ್ಲ. ನನ್ನ ನೆನಪು ಕೂಡ ಆ ಮನೆಯವರ ಕೂಲಿ ಮಾಡಿತ್ತು. ಅದೂ ಬಿಟ್ಟಿ.

ಟಿಪ್ಪಣಿಗೆ ಗುಂಪಿನಲ್ಲಿ ಹೂವು, ಹೃದಯ, ಕೈಮುಗಿದ ಚಿತ್ರಗಳು ಬೇಕಾದಷ್ಟು ಬಂದವು. ಪಾಯಸದ ಬಗ್ಗೆ ಯಾರೂ ಮಾತಾಡಲಿಲ್ಲ. ಮರುದಿನ ಸುಮಂಗಲಕ್ಕನ ಫೋನು ಬಂತು.

"ಮೇಡಂರೀ, ಪಾಯಸ ಅಂತ ಹಾಕೀರಲ್ಲ?"

"ಹೌದಕ್ಕ. ಯವ್ವ ಮಾಡ್ತೀನಿ ಅಂದಾಳ."

"ಅಯ್ಯ, ಆ ವಯಸ್ಸಾದವರನ್ನ ಈ ಬಿಸಿಲಾಗ ಒಲಿ ಮುಂದ ನಿಂದ್ರಸ್ತೀರೇನು? ಅವರು ಬಂದು ಹಾಡ್ಲಿ ಸಾಕು. ಅವರ ಹಾಡಾ ನಮಗ ಪಾಯಸ ಇದ್ದಂಗ."

"ಆಕಿಗೇ ಮಾಡಬೇಕಂತ ಆಸಿ ಅದ, ಅಕ್ಕ."

"ನೀವು ಐಸ್‌ಕ್ರೀಮ್ ತಂದುಬಿಡ್ರಿ. ಕಪ್ಪಿಂದು ತರ್ರಿ ಮತ್ತ. ಹಂಚಾಕ ಸಸಾರ."

ಫೋನಿಟ್ಟ ಮೇಲೆ "ಕಪ್ಪಿಂದು" ಎಂಬ ಮಾತು ಕಿವಿಯಲ್ಲೇ ಉಳಿಯಿತು. ಮುಚ್ಚಳ ಅಂಟಿಸಿದ ಐಸ್‌ಕ್ರೀಮ್ ಕಪ್ಪು. ಹಿಂದಿನ ವಾರ ಮುಚ್ಚಳ ಬಿಗಿದ ನೀರಿನ ಬಾಟಲಿ. ಅದರ ಹಿಂದಿನ ವಾರ ಹೊದಿಕೆ ಸುತ್ತಿದ ಪ್ಲೇಟು. ನನ್ನ ಪಾಲಿಗೆ ಬಂದ ಯಾವುದಕ್ಕೂ ನಮ್ಮ ಮನೆಯ ಒಲೆಯ ಪರಿಚಯ ಇರಲಿಲ್ಲ. ದಿನಾ ಬಸ್ಸಿನಲ್ಲಿ ಓಡಾಡುವ ಹೆಂಗಸಿಗೆ ತೊಂದರೆ ಬೇಡ ಎಂದು ಹಗುರ ಕೆಲಸ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಕೃತಜ್ಞತೆ ಕೂಡ ಹೇಳಿದ್ದೆ!

ಆದರೂ ನಾನು ನನ್ನನ್ನೇ ಅನುಮಾನಿಸುವವಳು. ಇದು ಬರೀ ನನ್ನ ಕಲ್ಪನೆ ಇರಬಹುದೇ? ಸುಮಂಗಲಕ್ಕ ನಮ್ಮ ಮನೆಗೆ ಬರುತ್ತಾರೆ, ಸೋಫಾದ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ, ಗೋಡೆಯ ಮೇಲಿನ ಬುದ್ಧನ ಫೋಟೋ ಚೆನ್ನಾಗಿದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವರು ಎಂದಾದರೂ ಚಹಾ ಕುಡಿದಿದ್ದಾರೆಯೇ? ಎಷ್ಟು ತಿಣುಕಿದರೂ ಕುಡಿದ ನೆನಪು ಬರಲಿಲ್ಲ. ಕುಡಿಯಲಿಲ್ಲ ಎಂಬ ನೆನಪೂ ಬರಲಿಲ್ಲ. "ಈಗಷ್ಟೇ ಕುಡ್ದು ಬಂದೆ ರೀ" ಎಂಬ ಮಾತಿಗೆ ನೆನಪಿನಲ್ಲಿ ಉಳಿಯುವಷ್ಟು ತೂಕ ಇರುವುದಿಲ್ಲ. ಈ ಜಾಣತನವೇ ನನ್ನನ್ನು ಉರಿಸುವುದು. ದೇವದುರ್ಗದ ಆ ಮನೆಯವರು "ಅಲ್ಲೇ ಕುಂದ್ರು" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಯಾರು ಹೇಳಿದರು, ಏನು ಹೇಳಿದರು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಈಗ ಎಲ್ಲರದೂ ನಯವಾದ ಮಾತು, ಎಲ್ಲದಕ್ಕೂ ಒಂದು ಒಳ್ಳೆಯ ಕಾರಣ. ಗುದ್ದಿದವರು ಯಾರೆಂದು ಗೊತ್ತಾಗದ ಹಾಗೆ ಬೆನ್ನಿಗೆ ಗುದ್ದುತ್ತಾರೆ. ತಿರುಗಿ ನೋಡಿದರೆ ಎಲ್ಲರೂ ಕೈಮುಗಿದು ನಿಂತಿರುತ್ತಾರೆ. ಕೊನೆಗೆ ತಲೆ ಕೆಟ್ಟವಳು ನಾನೇ ಆಗುತ್ತೇನೆ.

"ಪಾಯಸ ಬ್ಯಾಡ ಬಿಡು ಯವ್ವಾ. ಬಿಸಿಲು ಭಾಳ ಅದ," ಎಂದೆ ಅವಳಿಗೆ.

"ಬಿಸಿಲು ನನಗ ಹೊಸಾದೇನು?"

ನಾನು ಮತ್ತೆ ಬ್ಯಾಡ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಬ್ಯಾಡ ಅಂದ್ರೇನು? ನನಗ ಗೊತ್ತದಬೇ. ಹೋದ ವಾರಾನೇ ಗೊತ್ತಾತು. ಎಲ್ಲಾರ ಮನಿ ಡಬ್ಬಿ ಮೇಜಿನ ಮ್ಯಾಲಿದ್ವು. ನಮ್ಮನಿವು ಬರೇ ಬಾಟ್ಲಿ."

"ಗೊತ್ತಿದ್ದೂ ಮಾಡ್ತೀನಂತೀಯಲ್ಲ!"

"ನಾ ಮಾಡ್ಲಿಲ್ಲಂದ್ರ ಅವರು ಬ್ಯಾಡಂದಂಗ ಆಗಂಗಿಲ್ಲ, ನಾವು ತರಲಿಲ್ಲ ಅಂದಂಗ ಆಗ್ತದ. ಒಯ್ದು ಇಡೋಣು. ಆಮ್ಯಾಲ ಬ್ಯಾಡ ಅನ್ನಾದು ಅವರ ಕೆಲಸ." ಗೋಡೆಯ ಮೇಲಿನ ಬುದ್ಧನ ಫೋಟೋದ ಕಡೆ ಗದ್ದ ಎತ್ತಿ ತೋರಿಸಿದಳು. "ಅವನಿಗೆ ಹೆಣ್ಮಗಳೊಬ್ಬಾಕಿ ಪಾಯಸ ಕೊಟ್ಳಂತ. ನಿಂದು ಯಾ ಮನಿ ಅಂತ ಕೇಳ್ಲಿಲ್ಲ, ಉಂಡ. ಇವರು ಅವನಿಗಿಂತ ದೊಡ್ಡವರೇನು?"

ಭಾನುವಾರ ಯವ್ವ ಮಧ್ಯಾಹ್ನವೇ ಒಲೆ ಹಚ್ಚಿದಳು. ಶಾವಿಗೆಯನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಕರಗಿಸಿ, ಗಸಗಸೆ ಮತ್ತು ಕೊಬ್ಬರಿ ಅರೆದು ಹಾಕಿದಳು. ನನಗೆ ಒಂದು ಚಮಚ ರುಚಿ ನೋಡಲೂ ಕೊಡಲಿಲ್ಲ. ಕಟ್ಟೆಯ ಮೇಲಿದ್ದ ಪೇಪರ್ ಪ್ಲೇಟುಗಳ ಉಳಿದ ಕಟ್ಟನ್ನು ಮೇಲಿನ ಹಲಗೆಗೆ ಎತ್ತಿಟ್ಟು, ಮನೆಯ ಸ್ಟೀಲ್ ಬಟ್ಟಲುಗಳನ್ನು ಚೀಲಕ್ಕೆ ತುಂಬಿಸಿದಳು. "ಪಾಯಸ ಕಾಗದದಾಗ ಉಣ್ಣಾದಲ್ಲ," ಎಂದಳು. ಐಸ್‌ಕ್ರೀಮ್ ತರಲು ನಾನು ಹೋಗಲಿಲ್ಲ. ಆಟೋದಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸೀರೆಯೊಳಗೆ ತೊಡೆ ಸುಡುತ್ತಿತ್ತು. ಆ ಉರಿ ಪಾತ್ರೆಯದೋ ನನ್ನದೋ ತಿಳಿಯದ ಹಾಗೆ ಹಲ್ಲು ಕಚ್ಚಿ ಕೂತಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಭಾಷಣ ತಯಾರಿಸಿದೆ. ಸಂವಿಧಾನ ಬಂತು, ಶರಣರು ಬಂದರು. ಬಯಲಿನ ಗೇಟು ಬರುವ ಹೊತ್ತಿಗೆ ಒಳ್ಳೆಯ ಭಾಷಣವೇ ಆಗಿತ್ತು. ಅದನ್ನು ಮಾಡುವ ಯೋಗ ಬರಲಿಲ್ಲ.

ಮೊದಲು ಯವ್ವನ ಹಾಡು. ಫೋನುಗಳು ಎದ್ದವು, ಚಪ್ಪಾಳೆ ಬಿತ್ತು. ಆಮೇಲೆ ಊಟ. ಯವ್ವ ಮೇಜಿನ ಹಿಂದೆ ತನ್ನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಳು. ಮುಚ್ಚಳ ತೆಗೆದಾಗ ಬೆಲ್ಲ, ತುಪ್ಪದ ವಾಸನೆಗೆ ನಾಲ್ಕಾರು ತಲೆಗಳು ತಿರುಗಿದವು. ತಿರುಗಿ, ಯಾರ ಪಾತ್ರೆ ಎಂದು ನೋಡಿ, ಮತ್ತೆ ಎಣ್ಣೆಗಾಯಿಯ ಕಡೆ ಹೊರಳಿದವು.

ಖಾಸಿಂಸಾಬರು ಬಂದರು. ಬಟ್ಟಲು ಖಾಲಿ ಮಾಡಿ, ಇನ್ನೊಂದು ಹಾಕಿಸಿಕೊಂಡು, "ಯವ್ವಾ, ಮನ್ಯಾಗ ಸೊಸಿ ಮಾಡ್ತಾಳ, ಬೆಲ್ಲದ ಗುರ್ತಾ ಇರಂಗಿಲ್ಲ. ಇದು ಪಾಯಸ!" ಎಂದರು. ಇನ್ನೂ ಕೆಲವರು ತಿಂದರು, ಅದನ್ನೂ ಹೇಳಬೇಕು. ಉಳಿದವರ ಮಾತುಗಳು ನನಗೆ ಇವತ್ತಿಗೂ ಕೇಳಿಸುತ್ತವೆ. "ಆಮ್ಯಾಲ ತಗೋತೀನಿ ರೀ." "ಹೊಟ್ಟಿ ತುಂಬೇತಿ ಯವ್ವಾ." "ನಂದು ಇವತ್ತು ಒಪ್ಪತ್ತು." ಒಬ್ಬರು, "ಶುಗರ್ ಅದ ರೀ ನನಗ, ಸೀ ಮುಟ್ಟಂಗಿಲ್ಲ," ಎಂದರು. ಅವರ ತಟ್ಟೆಯಲ್ಲಿ ಸಿರವಾರದ ಹೋಳಿಗೆ ಇತ್ತು, ಅದರ ಮೇಲೆ ತುಪ್ಪ ಇತ್ತು.

"ಶುಗರಿಗೆ ಹೋಳಿಗಿ ನಡೀತದೇನ್ರಿ?" ಎಂದು ನಾನು ಕೇಳಿಯೇ ಬಿಟ್ಟೆ.

ಅವರು ತಟ್ಟೆ ನೋಡಿಕೊಂಡರು. "ಇದು... ಮನ್ಯಾಗಿನ ಹುಡುಗರಿಗೆ ರೀ," ಎಂದು ಸರಿದರು.

ಸುಮಂಗಲಕ್ಕ ದೂರದಲ್ಲಿ ಕುರ್ಚಿ ಸರಿಪಡಿಸುತ್ತಿದ್ದರು. ಸರಿಯಾಗಿಯೇ ಇದ್ದ ಕುರ್ಚಿಗಳನ್ನು.

ಅಷ್ಟರಲ್ಲಿ ವೀರಭದ್ರಣ್ಣನಿಗೆ ಏನೋ ಅನ್ನಿಸಿರಬೇಕು. ಗಿರಣಿ ನಡೆಸಿದ ಮನುಷ್ಯ, ಕಣ್ಣು ಚುರುಕು. ನೇರವಾಗಿ ಬಂದು, "ಹಾಕ್ರಿ ಯವ್ವಾ, ನನಗೊಂದು ಬಟ್ಟಲ," ಎಂದರು. ನನ್ನ ಎದೆ ತುಂಬಿ ಬಂತು. ಯವ್ವ ಬಟ್ಟಲ ತುಂಬ ಹಾಕಿಕೊಟ್ಟಳು. ಅವರು ಅದನ್ನು ಹಿಡಿದು ಯವ್ವನ ಪಕ್ಕಕ್ಕೆ ಬಂದು ನಿಂತು, "ಯಾರರ ಒಂದು ಫೋಟೋ ಹೊಡೀರಿ!" ಎಂದು ಕೂಗಿದರು. ಚಮಚ ಬಾಯಿಯ ಹತ್ತಿರ ಹೋಯಿತು. ನಕ್ಕರು. ಫೋಟೋ ಆಯಿತು. ಚಮಚ ಬಾಯಿಗೆ ಹೋಯಿತೋ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಬಟ್ಟಲು ತುಂಬಿದ್ದ ಹಾಗೇ ಮೇಜಿನ ಮೂಲೆಗೆ ಬಂದು ಕೂತದ್ದನ್ನು ಮಾತ್ರ ಕಣ್ಣಾರೆ ಕಂಡೆ.

"ಫೋಟೋ ಆತಪಾ," ಎಂದಳು ಯವ್ವ. "ಈಗ ಉಣ್ಣು."

"ಉಣ್ತೀನಿ ಯವ್ವಾ, ಉಣ್ತೀನಿ. ಮೈಕ್ ನೋಡ್ಕೊಂಡು ಬಂದೆ," ಎಂದು ಹೋದರು. ನಾವು ಇನ್ನೂ ಅಲ್ಲೇ ಇರುವಾಗ ಫೋಟೋ ಗುಂಪಿಗೆ ಬಂತು. ಕೆಳಗೆ, "ನಮ್ಮೂರಲ್ಲಿ ಭೇದವಿಲ್ಲ" ಎಂದಿತ್ತು.

ಆ ಸಾಲು ಓದಿದಾಗ ನನಗೆ ಆ ಫೋನನ್ನು ಎಸೆಯಬೇಕೆನಿಸಿತು. ಉಣ್ಣದವರ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅವರು ನಮ್ಮಿಂದ ತೆಗೆದುಕೊಳ್ಳಲು ಒಪ್ಪಲಿಲ್ಲ, ಅಷ್ಟೇ. ವೀರಭದ್ರಣ್ಣ ತೆಗೆದುಕೊಂಡರು. ಯವ್ವನ ಆಸೆಯನ್ನು, ಅವಳ ಮಧ್ಯಾಹ್ನದ ಬೆವರನ್ನು ತೆಗೆದುಕೊಂಡು ತಮ್ಮ ಮುಖಕ್ಕೆ ಪೌಡರ್ ಹಚ್ಚಿಕೊಂಡರು. ಇವರು ಕೆಟ್ಟವರಲ್ಲ. ನಾಳೆ ನನಗೆ ಜ್ವರ ಬಂದರೆ ಮೊದಲು ಕಾರು ತೆಗೆಯುವವರು ಇವರೇ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ವೀರಭದ್ರಣ್ಣನ ದನಿ, "ಈಗ ನಮ್ಮ ಯವ್ವಾರು ಇನ್ನೊಂದು ಶಾವಿಗಿ ಹಾಡ ಹಾಡ್ತಾರ. ಎಲ್ಲಾರೂ ಶಾಂತಿಲೇ ಕುಂದ್ರಬೇಕು." ಕುರ್ಚಿಗಳು ಸರಿದವು, ಫೋನುಗಳು ಏರಿದವು, ಬಯಲು ನಿಶ್ಶಬ್ದವಾಯಿತು.

ಯವ್ವ ಸೌಟನ್ನು ಪಾತ್ರೆಯೊಳಗೇ ಇಟ್ಟು, ಬಟ್ಟಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಪಾತ್ರೆಯ ಒಂದು ಕಿವಿಯನ್ನು ತಾನು ಹಿಡಿದು, ಇನ್ನೊಂದನ್ನು ಹಿಡಿಯಲು ನನಗೆ ಕಣ್ಸನ್ನೆ ಮಾಡಿದಳು. ಮನೆಗೆ ಹೊರಟೆವು ಎಂದುಕೊಂಡೆ. ಅವಳು ನೇರವಾಗಿ ಬಯಲಿನ ನಡುವೆ, ಹಾಡುವವರಿಗೆ ಹಾಸಿದ್ದ ಜಮಖಾನೆಗೆ ಬಂದು, ಮೈಕಿನ ಮುಂದೆ ಪಾತ್ರೆ ಇಳಿಸಿದಳು. ಕೂತಳು. ಒಂದು ಬಟ್ಟಲಿಗೆ ಹಾಕಿಕೊಂಡು ನನಗೊಂದು ಕೊಟ್ಟಳು. ಉಣ್ಣತೊಡಗಿದಳು.

ವೀರಭದ್ರಣ್ಣ ಬಗ್ಗಿ ಮೆಲ್ಲಗೆ, "ಯವ್ವಾ, ಹಾಡ್ರಿ. ಎಲ್ಲಾರೂ ಕಾಯಾಕತ್ತಾರ," ಎಂದರು. ಮೈಕು ಹಚ್ಚಿಯೇ ಇತ್ತು. ಆ ಪಿಸುಮಾತು ಗೇಟಿನ ತನಕ ಕೇಳಿತು.

"ಉಣ್ಣಾಕತ್ತೀನಪಾ," ಎಂದಳು ಯವ್ವ. ಅದೂ ಕೇಳಿತು. "ಕಾಯ್ಲಿ."

ನಾನೂ ಕೂತೆ. ನನ್ನ ಸಿಟ್ಟು ಕೂರಲಿಲ್ಲ. ಬಾಯಲ್ಲಿ ಬೆಲ್ಲ, ಕಣ್ಣಲ್ಲಿ ನೀರು, ತಲೆಯಲ್ಲಿ ಮಾಡದೇ ಉಳಿದ ಭಾಷಣ. ಯವ್ವನಿಗೆ ಯಾವ ಅವಸರವೂ ಇರಲಿಲ್ಲ. ಒಂದೊಂದೇ ಎಳೆ ಎತ್ತಿ, ಸೊರ್ ಎಂದು ಎಳೆದುಕೊಂಡು, ಬಟ್ಟಲ ತಳವನ್ನು ಬೆರಳಿನಿಂದ ಒರೆಸಿ, ಮತ್ತೊಮ್ಮೆ ಹಾಕಿಕೊಂಡಳು. ಆ ಸೊರ್ ಎಂಬ ಸದ್ದು ಧ್ವನಿವರ್ಧಕದಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಯಾರೂ ನಗಲಿಲ್ಲ. ಎತ್ತಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ತಾವು ಹಿಡಿಯುತ್ತಿರುವುದು ಯಾವುದರ ಚಿತ್ರ ಎಂದು ಅವರಿಗೆ ಹೊಳೆದಿರಬೇಕು.

ಖಾಸಿಂಸಾಬರು ಎದ್ದು ಬಂದು ಜಮಖಾನೆಯ ಮೇಲೆ ಕೂತರು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಸುಮಂಗಲಕ್ಕ ಬಂದರು. ನನ್ನ ಮುಖ ನೋಡಲಿಲ್ಲ. ಸೆರಗು ಸುತ್ತಿಕೊಂಡು ಕೂತು, ಯವ್ವನ ಮುಂದೆ ಬಟ್ಟಲು ಹಿಡಿದರು. ಯವ್ವ ಅರ್ಧ ಬಟ್ಟಲು ಹಾಕಿದಳು.

"ಇಷ್ಟಾ ಏನು ಯವ್ವಾ?" ಎಂದರು ಸುಮಂಗಲಕ್ಕ.

"ಮೊದಲು ಇದನ್ನ ಉಣ್ಣು," ಎಂದಳು ಯವ್ವ. "ನಾ ನೋಡಾಕತ್ತೀನಿ."